ಹಲ್ಲು ಬಿಳುಪಾದ ಮೇಲೆ ಅದರ ಮೇಲ್ಪದರವನ್ನು ಕಾಪಾಡುವ ಬಗೆ

ಸುಗ್ಗಿ ಮುಗಿದು ಮದುವೆಗಳ ಕಾಲ ಬಂದಿತೆಂದರೆ ಹಳ್ಳಿಯ ಯುವಕ ಯುವತಿಯರಿಗೆ ಹಲ್ಲಿನ ಬಣ್ಣದ ಚಿಂತೆ ಹತ್ತುತ್ತದೆ. ಕೆಲವರು ಪಟ್ಟಣಕ್ಕೆ ಹೋಗಿ ದಂತವೈದ್ಯರಿಂದ ಹಲ್ಲು ಬಿಳುಪು ಮಾಡಿಸಿಕೊಂಡು ಬರುತ್ತಾರೆ. ಕೆಲವರು ಮನೆಯಲ್ಲಿಯೇ ಇದ್ದಿಲು, ಇಟ್ಟಿಗೆ ಪುಡಿ, ನಿಂಬೆರಸ, ಅಡುಗೆ ಸೋಡ ಹಿಡಿದು ತಿಕ್ಕಲು ತೊಡಗುತ್ತಾರೆ. ಇವೆರಡೂ ಒಂದೇ ಎಂದು ಭಾವಿಸಬಾರದು. ವೈದ್ಯರು ಹಚ್ಚುವ ಔಷಧಿಯಿಂದ ಹಲ್ಲಿಗೆ ಆಗುವ ಕೊರತೆ ಬಹುಮಟ್ಟಿಗೆ ತುಂಬಿಬರುತ್ತದೆ. ತಿಕ್ಕಿ ಸವೆಸಿದ್ದು ಮರಳಿ ಬಾರದು.

ಹಲ್ಲಿನ ಮೇಲೆ ಎನಾಮಲ್ ಎಂಬ ಹೊಳಪಿನ ಪದರವಿದೆ. ನಮ್ಮ ಶರೀರದಲ್ಲಿ ಇದಕ್ಕಿಂತ ಗಟ್ಟಿಯಾದ ವಸ್ತು ಇಲ್ಲ. ತೂಕದಲ್ಲಿ ಸುಮಾರು 96 ಭಾಗ ಖನಿಜವೇ. ಅದರಲ್ಲಿ ಸುಣ್ಣದ ಅಂಶ ಮತ್ತು ರಂಜಕ ಮುಖ್ಯ. ಆದರೆ ಇದರಲ್ಲಿ ಜೀವಕಣಗಳಿಲ್ಲ. ಚರ್ಮದ ಗಾಯದಂತೆ ತಾನಾಗಿ ಬೆಳೆದು ಕೂಡಿಕೊಳ್ಳುವ ಶಕ್ತಿ ಇದಕ್ಕಿಲ್ಲ. ನಿಮ್ಮ ಹೊಲವನ್ನೇ ನೋಡಿರಿ: ಸಾರ ಕುಂದಿದ ಭೂಮಿಗೆ ಗೊಬ್ಬರ ಕೊಟ್ಟು ಚೇತರಿಸಬಹುದು, ಮಳೆಗೆ ಕೊಚ್ಚಿಹೋದ ಮೇಲ್ಮಣ್ಣನ್ನು ಹೊಳೆಯಿಂದ ಹಿಂದಕ್ಕೆ ತರಲಾಗದು. ಹಲ್ಲಿನ ಸಂಗತಿಯೂ ಹಾಗೆಯೇ. ಎನಾಮಲಿನ ಅಡಿಯಲ್ಲಿರುವ ಭಾಗದ ಬಣ್ಣ ಸ್ವಭಾವತಃ ಹಳದಿ. ಬಿಳುಪಾಗಲೆಂದು ಇಟ್ಟಿಗೆ ಪುಡಿಯಿಂದ ತಿಕ್ಕಿದಷ್ಟೂ ಮೇಲ್ಪದರ ತೆಳುವಾಗಿ, ಹಲ್ಲು ಇನ್ನಷ್ಟು ಹಳದಿಯಾಗಿ ಕಾಣುತ್ತದೆ!

ವೈದ್ಯರು ಬಳಸುವುದು ಪೆರಾಕ್ಸೈಡ್ ಎಂಬ ಔಷಧಿಯನ್ನು. ಅದು ಹಲ್ಲನ್ನು ಕೆರೆಯುವುದಿಲ್ಲ. ಒಳಹೊಕ್ಕು ಕಲೆಯ ಬಣ್ಣವನ್ನು ಒಡೆಯುತ್ತದೆ. ಆಗ ಮೇಲ್ಪದರದಿಂದ ಸ್ವಲ್ಪ ಖನಿಜ ಕರಗಿ, ಕೆಲವು ದಿನ ಹಲ್ಲು ಮೆತ್ತಗಿರಬಹುದು, ತಣ್ಣೀರು ಕುಡಿದರೆ ಜುಮ್ಮೆನ್ನಬಹುದು. ಇದಕ್ಕೆ ಹೆದರಬೇಕಾಗಿಲ್ಲ. ನಮ್ಮ ಎಂಜಲಿನಲ್ಲಿಯೇ ಸುಣ್ಣದ ಅಂಶವೂ ರಂಜಕವೂ ಇವೆ. ಅವು ಮೆಲ್ಲಮೆಲ್ಲನೆ ಹಲ್ಲಿಗೆ ಸೇರಿ ಖನಿಜವನ್ನು ತುಂಬುತ್ತವೆ. ನಾವು ಆ ಕೆಲಸಕ್ಕೆ ಅಡ್ಡಿ ಮಾಡದಿದ್ದರಾಯಿತು.

ಅಡ್ಡಿ ಮಾಡುವುದರಲ್ಲಿ ಹುಳಿಯೇ ಮೊದಲನೆಯದು. ಹಸಿ ಹುಣಸೆ, ಮಾವಿನಕಾಯಿ, ನಿಂಬೆಹಣ್ಣು, ಅಂಗಡಿಯ ಬಾಟಲಿ ಪಾನೀಯ ಇವು ಮೆತ್ತಗಾದ ಪದರವನ್ನು ಮತ್ತೆ ಕರಗಿಸುತ್ತವೆ. ಚಿಕಿತ್ಸೆಯಾದ ಮೊದಲ ವಾರ ಇವನ್ನು ದೂರವಿಡಿರಿ. ಊಟದ ಸಾರಿಗೆ ಹುಣಸೆ ಬೇಡವೆಂದು ಯಾರೂ ಹೇಳಲಾರರು. ಊಟವಾದ ಮೇಲೆ ನೀರಿನಿಂದ ಬಾಯಿ ಮುಕ್ಕಳಿಸಿದರೆ ಸಾಕು. ಹುಳಿ ತಿಂದ ಕೂಡಲೇ ಹಲ್ಲುಜ್ಜುವುದು ಮಾತ್ರ ದೊಡ್ಡ ತಪ್ಪು. ಅರ್ಧ ಗಂಟೆಯಿಂದ ಒಂದು ಗಂಟೆ ತಾಳಿರಿ, ಎಂಜಲು ಹುಳಿಯನ್ನು ಅಡಗಿಸಲಿ. ಮೃದುವಾದ ಬ್ರಷ್ಷಿನಿಂದ, ಫ್ಲೋರೈಡ್ ಇರುವ ಪೇಸ್ಟಿನಿಂದ ದಿನಕ್ಕೆರಡು ಸಲ ಹಗುರವಾಗಿ ಉಜ್ಜಿ, ನೊರೆಯನ್ನು ಉಗುಳಿಬಿಡಿರಿ. ಫ್ಲೋರೈಡು ಸೇರಿ ತುಂಬಿಬಂದ ಖನಿಜವು ಹುಳಿಗೆ ಹೆಚ್ಚು ತಡೆಯುತ್ತದೆ. ಹಾಲು, ಮಜ್ಜಿಗೆಗಳಲ್ಲಿ ಹಾಲೇ ಹಲ್ಲಿಗೆ ಮೇಲು, ಮಜ್ಜಿಗೆ ಹುಳಿಯಾಗಿರುತ್ತದೆ. ಎರಡು ದಿನ ಕಾಫಿ, ಚಹ, ಅರಿಸಿನದ ಪದಾರ್ಥಗಳನ್ನು ಮಿತಿಯಲ್ಲಿಟ್ಟರೆ ಬಣ್ಣ ಹಿಡಿಯದು. ಎಲೆಯಡಿಕೆ, ಹೊಗೆಸೊಪ್ಪು ಬಿಡದವರು ಹಲ್ಲು ಬಿಳುಪು ಮಾಡಿಸುವುದು ವ್ಯರ್ಥ ಖರ್ಚು. ಜುಮ್ಮೆನ್ನುವುದು ಒಂದೆರಡು ವಾರದಲ್ಲಿ ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿರಿ. ಗರ್ಭಿಣಿಯರಿಗೂ ಮಕ್ಕಳಿಗೂ ಈ ಬಿಳುಪಿನ ಚಿಕಿತ್ಸೆ ಬೇಡ.

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ಚಿತ್ರದುರ್ಗದ ಕಡೆಯವರಿಗೆ ಒಂದು ಮಾತನ್ನು ಬೇರೆಯಾಗಿಯೇ ಹೇಳಬೇಕು. ಅಲ್ಲಿ ಎಷ್ಟೋ ಜನರ ಹಲ್ಲಿನ ಕಂದು ಕಲೆ ಕೊಳೆಯಲ್ಲ. ಆಳದ ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದಾಗ, ದವಡೆಯೊಳಗೆ ಹಲ್ಲು ರೂಪುಗೊಳ್ಳುವ ಎಳೆ ವಯಸ್ಸಿನಲ್ಲಿಯೇ ಆ ದೋಷ ಎನಾಮಲಿನೊಳಗೆ ಕೂತುಬಿಡುತ್ತದೆ. ಇದನ್ನು ತಿಕ್ಕಿ ತೆಗೆಯುವೆನೆಂಬವನು ಗೋಡೆಯ ಬಿರುಕನ್ನು ಪೊರಕೆಯಿಂದ ಗುಡಿಸುವವನಂತೆ. ಬರಿಯ ಬಿಳುಪಿನ ಔಷಧಿಯಿಂದಲೂ ಇದು ಪೂರ್ತಿ ಹೋಗದಿರಬಹುದು; ಯಾವ ಉಪಾಯ ತಕ್ಕದ್ದೆಂದು ದಂತವೈದ್ಯರೇ ನೋಡಿ ಹೇಳಬೇಕು. ಹಾಗಾದರೆ ಫ್ಲೋರೈಡಿನ ಪೇಸ್ಟು ಅಪಾಯವಲ್ಲವೇ ಎಂದು ಕೇಳುವಿರಿ. ಅಪಾಯವಿರುವುದು ನುಂಗುವುದರಲ್ಲಿ. ಉಗುಳಬಲ್ಲ ದೊಡ್ಡವರಿಗೆ ಹೆದರಿಕೆಯಿಲ್ಲ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಅದಕ್ಕಿಂತ ದೊಡ್ಡ ಮಕ್ಕಳಿಗೆ ಬಟಾಣಿ ಕಾಳಿನಷ್ಟು ಪೇಸ್ಟನ್ನು ತಾಯಿಯೇ ಹಾಕಿಕೊಟ್ಟು, ಉಗುಳುವವರೆಗೆ ಬಳಿಯಲ್ಲಿ ನಿಲ್ಲತಕ್ಕದ್ದು.

ನಿಮ್ಮ ಕೊಳವೆ ಬಾವಿಯ ನೀರನ್ನು ಗ್ರಾಮ ಪಂಚಾಯಿತಿಯ ಮೂಲಕ ಪರೀಕ್ಷೆ ಮಾಡಿಸಿರಿ. ಒಂದು ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಆ ನೀರನ್ನು ಕುಡಿಯಲಿಕ್ಕೂ ಅಡುಗೆಗೂ ಬಳಸಬೇಡಿರಿ, ಎಳೆಯ ಮಕ್ಕಳಿಗಂತೂ ಕೊಡಲೇಬೇಡಿರಿ. ಕಾಯಿಸಿದರೆ ದೋಷ ಹೋಗುತ್ತದೆಂದು ಹಲವರು ನಂಬಿದ್ದಾರೆ. ಕಾಯಿಸಿದಾಗ ಆವಿಯಾಗುವುದು ನೀರು ಮಾತ್ರ. ಫ್ಲೋರೈಡು ಪಾತ್ರೆಯಲ್ಲಿಯೇ ಉಳಿಯುತ್ತದೆ.