ಅಳತೆ ಟೇಪು ಮೊದಲು ಕುರ್ಚಿಗೆ

ನೋಡಪ್ಪಾ, ಪೀಣ್ಯದ ನಿನ್ನ ಶೆಡ್ಡಿಗೆ ಮೊದಲ ವೀಲ್‌ಚೇರ್ ವ್ಯಾನಿನ ಕೆಲಸ ಬಂದಿದೆ ಅಂದೆ. ಸಂತೋಷ. ಆದರೆ ಗ್ರೈಂಡರ್‌ಗೆ ಕೈಹಾಕುವ ಮುಂಚೆ, ವೈಟ್‌ಫೀಲ್ಡ್‌ಗೆ ಕೆಲಸಕ್ಕೆ ಹೋಗುವ ಆ ಹೆಣ್ಣುಮಗಳನ್ನು ಕಂಡು ಬಾ. ದುಡ್ಡು ಕೊಡುವ ಅಣ್ಣನ ಹತ್ತಿರವೇ ಮಾತು ಮುಗಿಸಿಬಿಡಬೇಡ. ಆಕೆ ಕುರ್ಚಿಯಲ್ಲಿ ಕೂತಾಗ ನೆಲದಿಂದ ನೆತ್ತಿಗೆ ಎಷ್ಟು, ಪಾದದ ಹಲಗೆಯ ತುದಿಯಿಂದ ಹಿಂದಿನ ಚಕ್ರಕ್ಕೆ ಎಷ್ಟು, ಬ್ಯಾಟರಿ ಕುರ್ಚಿಯಾದರೆ ತೂಕ ಎಷ್ಟು, ಎಲ್ಲ ಬರೆದುಕೋ.

ಇನ್ನೊಂದು ಮಾತು ಕೇಳು: ಕುರ್ಚಿಯಿಂದ ಸೀಟಿಗೆ ಆಕೆ ತಾವೇ ಜಾರಿಕೊಳ್ಳಬಲ್ಲರಾ? 2013ರಲ್ಲೇ ಬೆಂಗಳೂರಲ್ಲಿ ಕಿಕ್‌ಸ್ಟಾರ್ಟ್ ಕ್ಯಾಬ್ಸ್ ಅಂಗವಿಕಲರಿಗೆ ಟ್ಯಾಕ್ಸಿ ಶುರುಮಾಡಿದಾಗ, ಕೆಲವು ಕಾರುಗಳಿಗೆ ಹೊರಕ್ಕೆ ತಿರುಗುವ ಸೀಟು ಹಾಕಿತ್ತು. ಎಷ್ಟೋ ಜನಕ್ಕೆ ಅಷ್ಟೇ ಸಾಕು, ವ್ಯಾನ್ ಕೊಯ್ಯಬೇಕಿಲ್ಲ. ಕೆಲಸ ಕೈತಪ್ಪಿದರೂ ಪರವಾಗಿಲ್ಲ, ಹಾಗಂತ ಹೇಳಿಬಿಡು.

ವ್ಯಾನೇ ಬೇಕು ಅಂದರೆ ರ‍್ಯಾಂಪಿನ ಲೆಕ್ಕ ಹಾಕು. ಕಟ್ಟಡಕ್ಕೆ 1:12 ಇಳಿಜಾರು ಅನ್ನುತ್ತಾರೆ. ಗಾಡಿಯ ನೆಲ ಒಂದೂವರೆ ಅಡಿ ಎತ್ತರದಲ್ಲಿದ್ದರೆ 18 ಅಡಿ ಬೇಕಾಯಿತು, ಅದನ್ನು ಎಲ್ಲಿ ಮಡಚಿಡುತ್ತೀಯ? ಆರಡಿಗೆ ಮೊಟಕು ಮಾಡಿದರೆ 1:4. ಡ್ರೈವರ್ ಒಬ್ಬನೇ ತಳ್ಳಿ ಹತ್ತಿಸುವುದು ಆಗದ ಮಾತು. ನೆಲ ತಗ್ಗಿಸೋಣ ಅಂದರೆ, ಈಕೋದಂಥ ಗಾಡಿಯಲ್ಲಿ ಎಂಜಿನ್ ಮುಂದಿನ ಸೀಟಿನ ಕೆಳಗೆ, ಓಡುವುದು ಹಿಂದಿನ ಚಕ್ರ. ನಡುವೆ ಶಾಫ್ಟ್ ಹಾದುಹೋಗಿದೆ. ಕೊಯ್ದು ತಗ್ಗಿಸಿದೆ ಅಂತಲೇ ಇಟ್ಟುಕೋ, ನಮ್ಮ ರಸ್ತೆಯ ಹಂಪುಗಳು ಬಿಟ್ಟಾವೆಯೇ? ಹಾಗಾಗಿ ವಿಂಚ್ ಅಥವಾ ಹೈಡ್ರಾಲಿಕ್ ಲಿಫ್ಟ್ ಕಡೆಗೇ ನನ್ನ ಒಲವು. ಸೂರು ಎತ್ತರಿಸುವ ಯೋಚನೆ ಇದ್ದರೆ ಆಕೆಯ ಆಫೀಸಿನ ಬೇಸ್‌ಮೆಂಟ್ ಬಾಗಿಲಲ್ಲಿ ಬರೆದಿರುವ ಎತ್ತರ ನೋಡಿಕೊಂಡು ಬಾ. ಬಾಗಿಲು ಹಿಂದೆ ಇಟ್ಟರೆ ಕೆಲಸ ಸುಲಭ, ಆದರೆ ಹೊಸೂರು ರಸ್ತೆಯಂಥ ಕಡೆ ಇಳಿಸುವುದು ಓಡುವ ಗಾಡಿಗಳ ಎದುರಿಗೆ. ಎಡಪಕ್ಕದ ಬಾಗಿಲಾದರೆ ಫುಟ್‌ಪಾತೇ ಒಂದಿಷ್ಟು ಎತ್ತರ ತುಂಬಿಕೊಡುತ್ತದೆ.

ಎಲ್ಲರೂ ರ‍್ಯಾಂಪಿಗೆ ಪೌಡರ್ ಕೋಟಿಂಗ್ ಹೊಡೆಸಿ ಫೋಟೊ ತೆಗೆಯುತ್ತಾರೆ. ಜೀವ ಉಳಿಸುವುದು ಕುರ್ಚಿ ಕಟ್ಟುವ ಪಟ್ಟಿಗಳು ಕಣಪ್ಪಾ. ಐಎಸ್‌ಒ 10542 ಅಂತ ಒಂದು ಮಾನದಂಡವಿದೆ. ಗಂಟೆಗೆ 48 ಕಿ.ಮೀ. ಡಿಕ್ಕಿಯ ಏಟಿನಲ್ಲಿ, ಸುಮಾರು 20 ಜಿ ಬಲಕ್ಕೆ, ಪಟ್ಟಿ ತಡೆಯುತ್ತದಾ ಅಂತ ಪರೀಕ್ಷೆ ಮಾಡುತ್ತಾರೆ. ನೂರು ಕಿಲೋ ಕುರ್ಚಿ ಆ ಗಳಿಗೆಯಲ್ಲಿ ಎರಡು ಟನ್ ಭಾರದ ಹಾಗೆ ಎಳೆಯುತ್ತದೆ. ತೆಳು ತಗಡಿಗೆ ಕೊಂಡಿ ವೆಲ್ಡ್ ಮಾಡಿದರೆ ತಗಡು ಸಮೇತ ಕಿತ್ತು ಬರುತ್ತದೆ. ಕೆಳಗೆ ದಪ್ಪ ಪ್ಲೇಟ್ ಕೊಟ್ಟು 8.8 ಗ್ರೇಡ್ ಬೋಲ್ಟ್ ಹಾಕು, ಪಟ್ಟಿಗಳನ್ನು ಪರೀಕ್ಷೆಯಾದ ಕಿಟ್ಟಿನದೇ ತರಿಸು. ಕುರ್ಚಿ ಮುಂದಕ್ಕೇ ಮುಖ ಮಾಡಿರಲಿ. ಮುಂದೆ ಎರಡು, ಹಿಂದೆ ಎರಡು ಪಟ್ಟಿ. ಕುರ್ಚಿಗೆ ಕಟ್ಟಿದ ಮಾತ್ರಕ್ಕೆ ಆಯಿತು ಅಂದುಕೊಳ್ಳಬೇಡ. ಕೂತವರಿಗೆ ಸೊಂಟಕ್ಕೂ ಹೆಗಲಿಗೂ ಬೇರೆ ಬೆಲ್ಟ್ ಬೇಕು, ಅದರ ಹಿಡಿತ ಗಾಡಿಯ ಮೈಗೆ ಇರಬೇಕು.

ಕಾಗದಪತ್ರದ ಬೇಸರ ನನಗೂ ಗೊತ್ತು. ಆದರೂ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿ ವಿವರ ಬದಲಾಗುವ ಕೆಲಸಕ್ಕೆ ಅನುಮತಿ ಬೇಕು. ಅಂಗವಿಕಲರಿಗಾಗಿ ಮಾರ್ಪಡಿಸಲು ಕಾನೂನಿನಲ್ಲೇ ದಾರಿ ಇದೆ. ಅರ್ಜಿ ಆಕೆಯ ಕಡೆಯಿಂದ ಹೋಗಲಿ, ಡ್ರಾಯಿಂಗ್ ನೀನು ಮಾಡಿಕೊಡು. ಇನ್ಶೂರೆನ್ಸ್‌ನವರಿಗೂ ತಿಳಿಸಿಬಿಡಿ, ಆಮೇಲೆ ತಕರಾರು ಬೇಡ.

ಬಣ್ಣ ಹೊಡೆಯುವ ಮುಂಚೆ ಆಕೆಯನ್ನೇ ಕೂರಿಸಿ, ಬೆಲ್ಟ್ ಹಾಕಿ, ವೈಟ್‌ಫೀಲ್ಡ್‌ವರೆಗೆ ನಿಧಾನಕ್ಕೆ ಓಡಿಸು. ಎಲ್ಲಿ ತಲೆ ತಗುಲಿತು, ಎಲ್ಲಿ ಕುರ್ಚಿ ಅಲುಗಿತು ಅಂತ ಆಕೆಯೇ ಹೇಳುತ್ತಾರೆ. ಅದಕ್ಕೆಲ್ಲ ಬಿಚ್ಚಿ ಸರಿಮಾಡುವ ಕೂಲಿಯನ್ನು ಈಗಲೇ ಎಸ್ಟಿಮೇಟ್‌ನಲ್ಲಿ ಸೇರಿಸಿಕೋ.