ಮುಳ್ಳು ಸೊನ್ನೆಯಲ್ಲಿದ್ದರೆ ತೂಕ ಸರಿಯೇ?

ನಮ್ಮ ಜಗಲಿಯ ಜಂತಿಯಲ್ಲಿ ತೂಗುವ ನೂರು ಕಿಲೋದ ಸ್ಪ್ರಿಂಗ್ ತಕ್ಕಡಿ ಇಪ್ಪತ್ತು ವರ್ಷಕ್ಕೂ ಹಳೆಯದು. ಅಡಿಕೆ ಪೇಟೆಗೆ ಹೋಗುವ ಮುಂಚೆ ಗೋಣಿಗಳನ್ನೆಲ್ಲ ಅದರಲ್ಲಿ ತೂಗಿ ಪುಸ್ತಕದಲ್ಲಿ ಬರೆದಿಡುವುದು ತಂದೆಯವರ ಕಾಲದ ಕ್ರಮ.

2017ರಲ್ಲಿ ಎಂಟು ಗೋಣಿ ಚಾಲಿ ಒಯ್ದಿದ್ದೆ. ಮನೆಯಲ್ಲಿ 52 ಕಿಲೋ 600 ಗ್ರಾಂ ತೋರಿಸಿದ ಗೋಣಿ ಅಂಗಡಿಯಲ್ಲಿ 51 ಕಿಲೋ 800 ಗ್ರಾಂ. ಉಳಿದವೂ ಹಾಗೆಯೇ. ಒಟ್ಟು ಆರು ಕಿಲೋಕ್ಕೂ ಮಿಕ್ಕಿ ಕಡಿಮೆ! ಮೂವತ್ತು ವರ್ಷದ ಪರಿಚಯದ ವ್ಯಾಪಾರಿಗೆ ನಾಲ್ಕು ಜನರೆದುರು ‘ನಿಮ್ಮದು ಕಳ್ಳ ತಕ್ಕಡಿ’ ಅಂದುಬಿಟ್ಟೆ. ಅವರು ಜಗಳಕ್ಕೆ ಬರಲಿಲ್ಲ. ‘ನಿಮ್ಮ ಮನೆಯದ್ದನ್ನು ಯಾವಾಗ ತಾಳೆ ನೋಡಿದ್ದು ಮಾರಾಯ್ರೇ?’ ಅಂತ ಕೇಳಿದರು, ಅಷ್ಟೆ.

ಪ್ರತಿ ಸಲವೂ ನೋಡುತ್ತೇನಲ್ಲ, ಮುಳ್ಳು ಸೊನ್ನೆಯಲ್ಲಿ ಇಲ್ಲದಿದ್ದರೆ ಸ್ಕ್ರೂ ತಿರುಗಿಸಿ ಸರಿ ಮಾಡುತ್ತೇನಲ್ಲ ಎಂಬುದು ನನ್ನ ಧೈರ್ಯ. ಎಡವಿದ್ದು ಅಲ್ಲೇ. ಬೆಳಿಗ್ಗೆ ರೇಡಿಯೋ ಕೇಳಿ ಸರಿಮಾಡಿದ ಗಡಿಯಾರ ಸಂಜೆಗೆ ಐದು ನಿಮಿಷ ಮುಂದೆ ಓಡಿರುವುದಿಲ್ಲವೇ? ತಕ್ಕಡಿಯೂ ಹಾಗೆ. ಬರಿದಾಗಿದ್ದಾಗ ಸರಿ ಇದ್ದು, ಭಾರ ಏರಿದಂತೆ ತಪ್ಪೂ ಏರುತ್ತ ಹೋಗಬಹುದು. ಇದನ್ನು ತಿಳಿಯಲು ಇರುವುದು ಒಂದೇ ದಾರಿ. ತೂಕ ಖಚಿತವಾಗಿ ಗೊತ್ತಿರುವ ವಸ್ತುವನ್ನು ಏರಿಸಿ, ತಕ್ಕಡಿ ಎಷ್ಟು ಹೇಳುತ್ತದೆ ಅಂತ ಬರೆದುಕೊಳ್ಳುವುದು. ಕ್ಯಾಲಿಬ್ರೇಷನ್ ಅಂದರೆ ಇಷ್ಟೇ. ತಿರುಗಿಸಿ ಸರಿಪಡಿಸುವುದು ಅದರ ನಂತರದ ಬೇರೆ ಕೆಲಸ.

ಖಚಿತ ವಸ್ತು ಎಲ್ಲಿಂದ ತರುವುದು? ಸಿಮೆಂಟಿನ ಚೀಲ, ಗ್ಯಾಸ್ ಸಿಲಿಂಡರ್ ಬೇಡ. ಚೀಲದ ಮೇಲೆ 50 ಕಿಲೋ ಅಂತ ಬರೆದಿದ್ದರೂ ಒಳಗೆ ಕೊಂಚ ಹೆಚ್ಚುಕಡಿಮೆ ಇರುತ್ತದೆ. ನಾನು ಸೊಸೈಟಿಯಿಂದ 20 ಕಿಲೋದ ಒಂದು ಎರಕದ ಕಬ್ಬಿಣದ ತೂಕದ ಕಲ್ಲು ಕೇಳಿ ತಂದೆ. ಅದರ ಗುಳಿಯಲ್ಲಿ ಸೀಸ ತುಂಬಿ ಇಲಾಖೆಯ ಮುದ್ರೆ ಒತ್ತಿರುತ್ತಾರೆ. ಮುದ್ರೆ ನೋಡಿಯೇ ತನ್ನಿ.

ಆದರೆ ಗೋಣಿ ಐವತ್ತು ಕಿಲೋದ್ದು, ಕಲ್ಲು ಇಪ್ಪತ್ತರದ್ದು ಒಂದೇ. ಅದಕ್ಕೊಂದು ಉಪಾಯ ಇದೆ. ಕಲ್ಲನ್ನು ಕೊಕ್ಕೆಗೆ ಹಾಕಿ ಮುಳ್ಳು ಎಲ್ಲಿ ನಿಂತಿತು ನೋಡಿ. ನಮ್ಮದರಲ್ಲಿ 20 ಕಿಲೋ 300 ಗ್ರಾಂ. ಕಲ್ಲು ತೆಗೆದು ಒಂದು ಬಕೆಟ್ ತೂಗುಹಾಕಿ, ಮುಳ್ಳು ಅದೇ ಗೆರೆಗೆ ಬರುವ ತನಕ ಒಣ ಮರಳು ಸುರಿಯಿರಿ. ತಕ್ಕಡಿ ಸುಳ್ಳು ಹೇಳಲಿ, ಚಿಂತೆ ಇಲ್ಲ. ಎರಡು ಸಲವೂ ಒಂದೇ ಸುಳ್ಳು ಹೇಳಿದರೆ ಬಕೆಟ್ ಮತ್ತು ಮರಳು ಸೇರಿ ಸರಿಯಾಗಿ 20 ಕಿಲೋ ಆಯಿತು. ಇದರ ಜೊತೆಗೆ ಕಲ್ಲು ಕಟ್ಟಿದರೆ 40. ಇನ್ನೊಂದು ಬಕೆಟನ್ನೂ ಹೀಗೆ ತುಂಬಿಸಿಕೊಂಡರೆ 60. ಮುಳ್ಳು ಪ್ರತಿ ಸಲ ಅದೇ ಗೆರೆಗೆ ಬರುತ್ತದೆಯೇ ಅಂತ ಕಲ್ಲನ್ನು ಮೂರು ನಾಲ್ಕು ಸಲ ಹಾಕಿ ತೆಗೆದು ನೋಡಿಕೊಳ್ಳಬೇಕು. ಒಂದೊಂದು ಸಲ ಒಂದೊಂದು ಹೇಳುವ ತಕ್ಕಡಿಗೆ ಯಾವ ಲೆಕ್ಕವೂ ನಡೆಯದು, ಗುಜರಿಗೇ ಸೈ.

ನಮ್ಮದು 40ಕ್ಕೆ 40 ಕಿಲೋ 600 ಗ್ರಾಂ, 60ಕ್ಕೆ 60 ಕಿಲೋ 900 ಗ್ರಾಂ ತೋರಿಸಿತು. ಅಂದರೆ ನೂರಕ್ಕೆ ಒಂದೂವರೆ ಹೆಚ್ಚು. 52.6ನ್ನು 1.015ರಿಂದ ಭಾಗಿಸಿ ನೋಡಿ, 51.8 ಬರುತ್ತದೆ. ಅಂಗಡಿಯವರು ಹೇಳಿದ್ದೂ ಅದನ್ನೇ! ಮರುದಿನ ಲೆಕ್ಕದ ಚೀಟಿ ಹಿಡಿದುಕೊಂಡು ಅವರಲ್ಲಿಗೆ ಹೋದೆ. ಹೇಗೆ ಹೋದೆ ಅಂತ ಇಲ್ಲಿ ಬರೆಯುವುದಿಲ್ಲ.

ಎಲ್ಲ ತಕ್ಕಡಿಗಳ ತಪ್ಪೂ ಹೀಗೆ ಒಂದೇ ಲೆಕ್ಕದಲ್ಲಿ ಏರುವುದಿಲ್ಲ. ಆದ್ದರಿಂದ ನೀವು ಹೆಚ್ಚಾಗಿ ತೂಗುವ ಭಾರದ ಹತ್ತಿರವೇ ತಾಳೆ ನೋಡಬೇಕು. ಇನ್ನೊಂದು ವಿಷಯ, ಮಳೆಗಾಲದಲ್ಲಿ ತೂಗಿದ ಅಡಿಕೆಯನ್ನು ತಿಂಗಳು ಬಿಟ್ಟು ತೂಗಿ ತಕ್ಕಡಿಯನ್ನು ಬಯ್ಯಬೇಡಿ. ತೇವ ಏರಿಳಿದರೆ ತೂಕವೂ ಏರಿಳಿಯುತ್ತದೆ.

ಎರಡು ತಟ್ಟೆಯ ಹಳೇ ತಕ್ಕಡಿ ಇದ್ದವರಿಗೆ ಕಲ್ಲಿನ ಹಂಗೂ ಇಲ್ಲ. ಎರಡೂ ಕಡೆ ವಸ್ತು ಹಾಕಿ ಸಮ ಮಾಡಿ, ಆಮೇಲೆ ಅದಲು ಬದಲು ಮಾಡಿ. ಆಗಲೂ ಸಮ ನಿಂತರೆ ದಂಡ ಸರಿ ಇದೆ. ವಾಲಿದರೆ ದಂಡದ ಒಂದು ತೋಳು ಉದ್ದ.

ಎಲೆಕ್ಟ್ರಾನಿಕ್ ತಕ್ಕಡಿ ತಂದವರು ನಮಗೆ ಇದೆಲ್ಲ ಬೇಡ ಅಂದುಕೊಳ್ಳಬಹುದು. ಹತ್ತು ಗ್ರಾಂ ತನಕ ಅಂಕೆ ಮಿನುಗಿದ ಮಾತ್ರಕ್ಕೆ ಹತ್ತು ಗ್ರಾಂ ತನಕ ಸತ್ಯ ಅಂತಲ್ಲ. ನೆಲ ಸಮತಟ್ಟಾಗಿರಲಿ, ಗುಳ್ಳೆ ಇದ್ದರೆ ಅದು ಉಂಗುರದ ನಡುವೆ ನಿಲ್ಲಲಿ. ಕಲ್ಲನ್ನು ನಡುವೆ ಒಮ್ಮೆ, ನಾಲ್ಕು ಮೂಲೆಗಳಲ್ಲಿ ಒಂದೊಂದು ಸಲ ಇಟ್ಟು ನೋಡಿ. ಮೂಲೆಗೊಂದು ಅಂಕೆ ಬಂದರೆ ದುರಸ್ತಿ ಬೇಕು. ತಗಡಿನ ಮೇಲೆ ‘ಮಿನ್’ ಅಂತ ಒಂದು ಅಂಕೆ ಇರುತ್ತದೆ, ಅದಕ್ಕಿಂತ ಕಡಿಮೆ ತೂಕವನ್ನು ಅದರಲ್ಲಿ ನಂಬಬಾರದು. ಗೋಣಿ ತೂಗುವ ತಕ್ಕಡಿಯಲ್ಲಿ ನೂರು ಗ್ರಾಂ ಏಲಕ್ಕಿ ತೂಗುವುದು ಅದಕ್ಕೇ ತಪ್ಪು. ವ್ಯಾಪಾರಕ್ಕೆ ಬಳಸುವ ಎಲೆಕ್ಟ್ರಾನಿಕ್ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯಿಂದ ವರ್ಷಕ್ಕೊಮ್ಮೆ ಮುದ್ರೆ ಆಗಬೇಕು. ಅಂಗಡಿಯಲ್ಲಿ ಅದನ್ನು ನೋಡುವ ಹಕ್ಕು ನಮಗಿದೆ. ಬೈಗುಳದ ಬದಲು ನಾನು ಅದನ್ನೇ ಕೇಳಬಹುದಿತ್ತು.

ಕಲ್ಲು ಸಿಗದಿದ್ದರೆ ನೀರು. ಮುದ್ರೆ ಇರುವ ಲೀಟರ್ ಅಳತೆಯಲ್ಲಿ ಬಾವಿ ನೀರು ಅಳೆದು ಹಾಕಿ, ಬಕೆಟಿನ ತೂಕ ಕಳೆಯಿರಿ. ಲೀಟರಿಗೆ ಒಂದು ಕಿಲೋ ಎಂಬುದು 4 ಡಿಗ್ರಿ ತಂಪಿನ ನೀರಿಗೆ. ನಮ್ಮ ಸೆಕೆಯಲ್ಲಿ, 30 ಡಿಗ್ರಿಗೆ, ಅದು ಸುಮಾರು 996 ಗ್ರಾಂ. 20 ಲೀಟರಿಗೆ 19 ಕಿಲೋ 910 ಗ್ರಾಂ ಬಂದರೆ ಸರಿ ಅಂತಲೇ ತಿಳಿಯಿರಿ.

ಸೊಸೈಟಿಯ ಕಲ್ಲು ಈಗ ವರ್ಷಕ್ಕೊಮ್ಮೆ ನಮ್ಮಲ್ಲಿಗೆ ಬಂದು, ನಾಲ್ಕು ಮನೆ ಸುತ್ತಿ ಹಿಂದೆ ಹೋಗುತ್ತದೆ. ಕಳೆದ ಸಲ ಒಂದು ಮನೆಯ ತಕ್ಕಡಿ ನೂರಕ್ಕೆ ಎರಡು ಕಡಿಮೆ ತೋರಿಸಿತು. ಅಡಿಕೆ ಸುಲಿದವರಿಗೆ ಕಿಲೋ ಲೆಕ್ಕದಲ್ಲಿ ಕೂಲಿ ಕೊಟ್ಟದ್ದು ಅದರಲ್ಲೇ. ಆ ಮನೆಯವರು ಸುಗ್ಗಿಯ ಪುಸ್ತಕ ತೆಗೆದು, ಅಷ್ಟೂ ಜನರಿಗೆ ಬಾಕಿ ಎಷ್ಟು ಅಂತ ಬರೆಯುತ್ತ ಕೂತರು.