ಡ್ರೋನ್ ಸಿಮ್ಯುಲೇಟರ್ ಅಭ್ಯಾಸ: ರಿಮೋಟ್ ಜೋಡಿಸುವ ಸರಿಯಾದ ಕ್ರಮ

ನಮೋ ಡ್ರೋನ್ ದೀದಿ ಯೋಜನೆಯಡಿ ಆಯ್ಕೆಯಾದ ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಹಾಗೂ ಪರಿಕರಗಳ ವೆಚ್ಚದ ಶೇ. 80ರಷ್ಟು, ಗರಿಷ್ಠ 8 ಲಕ್ಷ ರೂ.ಗಳ ಕೇಂದ್ರ ನೆರವು ದೊರೆಯುತ್ತದೆ. ಉಳಿದ ಮೊತ್ತಕ್ಕೆ ಸಂಘವು ಸಾಲ ಪಡೆಯಬಹುದಾಗಿದೆ. ಸಂಘದ ಒಬ್ಬ ಸದಸ್ಯೆಗೆ 15 ದಿನಗಳ ತರಬೇತಿಯೂ ಉಂಟು. ಆದರೆ ತರಬೇತಿಯಿಂದ ಮರಳಿದ ಬಳಿಕ ಸಿಂಪಡಣೆಯ ಹಂಗಾಮು ಬರುವಷ್ಟರಲ್ಲಿ ಕೈಯ ರೂಢಿ ತಪ್ಪಿದರೆ, ಡ್ರೋನ್ ಮರಕ್ಕೋ ವಿದ್ಯುತ್ ತಂತಿಗೋ ತಗುಲುವ ಅಪಾಯವಿದೆ. ವಿಮೆಯಿದ್ದರೂ ದುರಸ್ತಿಯ ದಿನಗಳ ದುಡಿಮೆ ನಷ್ಟವಾಗುತ್ತದೆ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಈ ರೂಢಿಯನ್ನು ಉಳಿಸಿಕೊಳ್ಳಲು ಕಡಿಮೆ ಖರ್ಚಿನ ಮಾರ್ಗವೆಂದರೆ ಸಿಮ್ಯುಲೇಟರ್, ಅಂದರೆ ಕಂಪ್ಯೂಟರ್ ಪರದೆಯ ಮೇಲೆ ಡ್ರೋನ್ ಹಾರಿಸುವ ತಂತ್ರಾಂಶ. ಇದರ ಪ್ರಯೋಜನವು ರಿಮೋಟ್‌ನ ಜೋಡಣೆಯನ್ನೇ ಅವಲಂಬಿಸಿದೆ. ಹೊಲದಲ್ಲಿ ಒಂದು ರೀತಿ, ಪರದೆಯಲ್ಲಿ ಇನ್ನೊಂದು ರೀತಿ ಸ್ಟಿಕ್‌ಗಳು ಕೆಲಸ ಮಾಡಿದರೆ ಅಭ್ಯಾಸವೇ ತಪ್ಪನ್ನು ಕಲಿಸುತ್ತದೆ.

ಜೋಡಣೆಯ ಕ್ರಮ

1. ಎಲ್ಲ ಕೃಷಿ ಡ್ರೋನ್‌ಗಳ ರಿಮೋಟ್ ಕಂಪ್ಯೂಟರಿಗೆ ಜಾಯ್‌ಸ್ಟಿಕ್ ಆಗಿ ಹೊಂದುವುದಿಲ್ಲ. ಕೈಪಿಡಿಯನ್ನು ನೋಡಿ ಖಚಿತಪಡಿಸಿಕೊಳ್ಳುವುದು. ಹೊಂದದಿದ್ದಲ್ಲಿ ಅದೇ ಸ್ಟಿಕ್ ವಿನ್ಯಾಸದ ಪ್ರತ್ಯೇಕ ಅಭ್ಯಾಸ ರಿಮೋಟ್ ಬಳಸುವುದು.

2. ಹೊಲದ ರಿಮೋಟನ್ನೇ ಬಳಸುವುದಾದರೆ ಮೊದಲು ಡ್ರೋನ್‌ನ ಬ್ಯಾಟರಿ ಕಳಚಿಡತಕ್ಕದ್ದು. ರಿಮೋಟ್‌ನಲ್ಲಿ ಸೌಲಭ್ಯವಿದ್ದರೆ ಸಿಮ್ಯುಲೇಟರಿಗಾಗಿಯೇ ಬೇರೊಂದು ಮಾಡೆಲ್ ರಚಿಸಿ, ಅದರ ಟ್ರಿಮ್‌ಗಳನ್ನು ಸೊನ್ನೆಯಲ್ಲಿಡುವುದು. ಹೊಲದ ಮಾಡೆಲ್‌ನ ಯಾವ ಹೊಂದಾಣಿಕೆಯನ್ನೂ ಬದಲಿಸಬಾರದು.

3. ಯುಎಸ್‌ಬಿ ಕೇಬಲ್ ದತ್ತಾಂಶ ಸಾಗಿಸುವಂಥದ್ದಾಗಿರಬೇಕು. ಕೇವಲ ಚಾರ್ಜಿಂಗ್ ಕೇಬಲ್ ಆಗಿದ್ದರೆ ಕಂಪ್ಯೂಟರ್ ರಿಮೋಟನ್ನು ಗುರುತಿಸುವುದಿಲ್ಲ. ರಿಮೋಟ್ ಆಯ್ಕೆ ಕೇಳಿದಲ್ಲಿ 'ಸ್ಟೋರೇಜ್' ಬಿಟ್ಟು 'ಜಾಯ್‌ಸ್ಟಿಕ್' ಆರಿಸುವುದು.

4. ಸಿಮ್ಯುಲೇಟರ್‌ನ 'ಕ್ಯಾಲಿಬ್ರೇಷನ್' ವಿಭಾಗದಲ್ಲಿ ಸ್ಟಿಕ್‌ಗಳನ್ನು ಮೊದಲು ನಡುವಿಗೆ ತಂದು, ಅನಂತರ ನಾಲ್ಕೂ ಮೂಲೆಗಳವರೆಗೆ ನಿಧಾನವಾಗಿ ತಿರುಗಿಸುವುದು. ಪರದೆಯ ಪಟ್ಟಿಗಳು ಎರಡೂ ಕೊನೆ ಮುಟ್ಟಬೇಕು.

5. 'ಮೋಡ್ 2' ಪದ್ಧತಿಯಲ್ಲಿ ಎಡ ಸ್ಟಿಕ್ ಮೇಲೆ-ಕೆಳಗೆ ಚಲಿಸಿದರೆ ಡ್ರೋನ್ ಏರಿ ಇಳಿಯುತ್ತದೆ; ಎಡ-ಬಲಕ್ಕೆ ಚಲಿಸಿದರೆ ನಿಂತಲ್ಲೇ ತಿರುಗುತ್ತದೆ. ಬಲ ಸ್ಟಿಕ್ ಡ್ರೋನನ್ನು ಹಿಂದೆ-ಮುಂದೆ ಹಾಗೂ ಅಕ್ಕಪಕ್ಕಕ್ಕೆ ಸರಿಸುತ್ತದೆ. ತರಬೇತಿಯಲ್ಲಿ ಕಲಿತ ಪದ್ಧತಿಯನ್ನೇ ಇಲ್ಲಿಯೂ ಆರಿಸುವುದು. ದಿಕ್ಕು ತಿರುಗುಮುರುಗಾದರೆ ಸಿಮ್ಯುಲೇಟರಿನಲ್ಲಿಯೇ ಸರಿಪಡಿಸುವುದು.

6. ಕೈಬಿಟ್ಟಾಗ ಎಡ ಸ್ಟಿಕ್ ತಾನಾಗಿ ನಡುವಿಗೆ ಮರಳುತ್ತದೆಯೇ, ಇದ್ದಲ್ಲೇ ನಿಲ್ಲುತ್ತದೆಯೇ ಎಂಬುದನ್ನು ಗಮನಿಸುವುದು. ಅಭ್ಯಾಸದ ರಿಮೋಟ್ ಈ ವಿಷಯದಲ್ಲಿಯೂ ಹೊಲದ ರಿಮೋಟನ್ನು ಹೋಲಬೇಕು.

ಅಭ್ಯಾಸದ ಕ್ರಮ

ಮೊದಲು ಒಂದೇ ಎತ್ತರದಲ್ಲಿ ಡ್ರೋನನ್ನು ನಿಲ್ಲಿಸುವುದು, ಬಳಿಕ ಚೌಕಾಕಾರದಲ್ಲಿ ಹಾರಿಸುವುದು. ಕೊನೆಗೆ ಡ್ರೋನ್‌ನ ಮುಂಭಾಗವನ್ನು ಚಾಲಕಿಯ ಕಡೆಗೆ ತಿರುಗಿಸಿ ಹಾರಿಸಬೇಕು. ಆಗ ಎಡ-ಬಲಗಳು ಅದಲು ಬದಲಾಗಿ ತೋರುವುದರಿಂದ ಕೈ ತಡವರಿಸುತ್ತದೆ. ಸಾಲಿನ ಕೊನೆಯಲ್ಲಿ ಡ್ರೋನ್ ತಿರುಗಿ ಬರುವಾಗ ಎದುರಾಗುವ ಸನ್ನಿವೇಶವೂ ಇದೇ ಆದ್ದರಿಂದ ಇದಕ್ಕೆ ಹೆಚ್ಚು ಸಮಯ ಮೀಸಲಿಡುವುದು ಸೂಕ್ತ.

ಸಿಮ್ಯುಲೇಟರ್ ಅಭ್ಯಾಸವು ಪರವಾನಗಿಗೆ ಬದಲಿಯಲ್ಲ. 2021ರ ಡ್ರೋನ್ ನಿಯಮಗಳಂತೆ ಸಿಂಪಡಣೆಯ ಡ್ರೋನ್ ಹಾರಿಸಲು ರಿಮೋಟ್ ಪೈಲಟ್ ಪ್ರಮಾಣಪತ್ರ ಅಗತ್ಯ. ಅದನ್ನು ಪಡೆಯಲು ವಯಸ್ಸು 18ರಿಂದ 65ರೊಳಗಿದ್ದು, ಹತ್ತನೇ ತರಗತಿಯಲ್ಲಿ ಉತ್ತೀರ್ಣರಾಗಿರಬೇಕು.

ಸದಸ್ಯರು ವಹಿಸಬಹುದಾದ ಕ್ರಮ

ತಮ್ಮ ವ್ಯಾಪ್ತಿಯಲ್ಲಿ ತರಬೇತಿ ಪಡೆದ ಸದಸ್ಯೆಯರಿದ್ದಲ್ಲಿ, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದ ಕಂಪ್ಯೂಟರನ್ನು ವಾರದಲ್ಲಿ ನಿಗದಿತ ವೇಳೆ ಅವರಿಗೆ ಒದಗಿಸುವ ಬಗ್ಗೆ ಸಭೆಯಲ್ಲಿ ಚರ್ಚಿಸಬಹುದು. ಮೊದಲ ಜೋಡಣೆಯನ್ನು ತರಬೇತಿ ಪಡೆದ ಸದಸ್ಯೆಯ ಕೈಯಿಂದಲೇ ಮಾಡಿಸಿ, ಹೊಂದಾಣಿಕೆಗಳನ್ನು ಕಾಗದದಲ್ಲಿ ಬರೆದಿರಿಸುವುದು ಉತ್ತಮ. ಮುಂದಿನ ಬಾರಿ ಯಾರೇ ಕುಳಿತರೂ ಅದೇ ರಿಮೋಟ್, ಅದೇ ರೀತಿಯಲ್ಲಿ ಕೆಲಸ ಮಾಡುವಂತಾಗಬೇಕು.